ಕಂಕುಳಲ್ಲಿದ್ದ ಕೂಸು

ಅಂಜಿನಮ್ಮನಿಗೆ ತನ್ನ ಮನೆಯವರ ಮೇಲಿದ್ದ ತಾತ್ಸಾರ ನಿನ್ನೆ ಮೊನ್ನೆಯದಲ್ಲ. ಮಗ ಆದಿನಾರಾಯಣ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ಐವತ್ತಕ್ಕೇ ವಿ.ಆರ್.ಎಸ್. ತೆಗೆದುಕೊಂಡವನು. ಬೆಳಗ್ಗೆ ಬಿಳಿ ಬೂಟು ತೊಟ್ಟು ಜೀವನ್ ಬಿಮಾ ನಗರದ ಪಾರ್ಕಿಗೆ ನಾಲ್ಕು ಸುತ್ತು ಹಾಕಿ ಬಂದು, ದೇಶ ಆಳಿ ದಣಿದವನ ಹಾಗೆ ಸೋಫಾದಲ್ಲಿ ಕೂತು ಪೇಪರ್ ಬಿಡಿಸುತ್ತಿದ್ದ. ಸೊಸೆ ಬಾಲಮ್ಮ ಹಾಲ್‌ನ ಷೋಕೇಸಿನಲ್ಲಿ ಚಿನ್ನದ ಅಂಚಿನ ಆರು ಕಪ್ಪು ಇಟ್ಟು, ಅದರಲ್ಲಿ ಒಮ್ಮೆಯೂ ಕಾಫಿ ಕೊಡದೆ ವಾರಕ್ಕೊಂದು ಸಲ ಒರೆಸುತ್ತಿದ್ದಳು. ಮೊಮ್ಮಗ ಮಧುಕರ್ ಇಂದಿರಾನಗರದ ಸಿ.ಎಂ.ಎಚ್. ರಸ್ತೆಯಲ್ಲಿ ಕಲರ್ ಲ್ಯಾಬ್ ಇಟ್ಟಿದ್ದ. ಗಿರಾಕಿ ಬಂದರೆ ಇಂಗ್ಲಿಷಿನಲ್ಲಿ ಶುರು ಮಾಡಿ, ಅವರು ಕನ್ನಡದವರೆಂದು ಗೊತ್ತಾದ ಮೇಲೆ ಇನ್ನಷ್ಟು ಜೋರಾಗಿ ಇಂಗ್ಲಿಷ್ ಮಾತಾಡುತ್ತಿದ್ದ.

ಎಪ್ಪತ್ತರ ಅಂಜಿನಮ್ಮ ಇವರನ್ನೆಲ್ಲ ನೋಡಿ ಮೂಗು ಮುರಿಯುತ್ತಿದ್ದಳು. ಹರೆಯದಲ್ಲಿ ಬೆನ್ಸನ್ ಟೌನಿನ ಬಂಗಲೆಯೊಂದರಲ್ಲಿ ಒಂಬತ್ತು ವರ್ಷ ಆಯಾ ಆಗಿದ್ದವಳು ಅವಳು. ನಿಜವಾದ ದೊಡ್ಡಸ್ತಿಕೆಯನ್ನು ಹತ್ತಿರದಿಂದ ಕಂಡಿದ್ದಳು, ಅದರ ಒಳಲಂಗದ ಹರಕನ್ನೂ ಒಗೆದು ಹೊಲಿದಿದ್ದಳು. ಈ ಮನೆಯ ದೊಡ್ಡಸ್ತಿಕೆ ಅವಳಿಗೆ ಮಕ್ಕಳ ಮಣ್ಣಾಟ.

2004ರ ದೀಪಾವಳಿಯ ಹೊತ್ತಿಗೆ ಊರಿನವರ ಕೈಗೆಲ್ಲ ಡಿಜಿಟಲ್ ಕ್ಯಾಮೆರಾ ಬರತೊಡಗಿ, ರೀಲು ತೊಳೆಸಲು ಬರುವವರು ಕಡಿಮೆಯಾದರು. ಮಧುಕರ್ ಒಂದು ಸ್ಕ್ಯಾನರ್ ತಂದು, 'ನಿಮ್ಮ ಹಳೆಯ ಫೋಟೋಗಳಿಗೆ ಹೊಸ ಜೀವ' ಎಂದು ಅಂಗಡಿಯ ಮುಂದೆ ಬೋರ್ಡು ಹಾಕಿದ. ಗಾಜಿನ ಹಿಂದೆ ಮಾದರಿಗೆ ಇಡಲು ಹಳೆಯ ಫೋಟೋ ಬೇಕಾಯಿತು. ಐದು ತಿಂಗಳ ಬಸುರಿಯಾಗಿದ್ದ ಅವನ ಹೆಂಡತಿ ಪ್ರಿಯಾ ಒಂದು ಮಧ್ಯಾಹ್ನ ಅಜ್ಜಿಯ ಟ್ರಂಕಿನ ಮುಂದೆ ಕೂತಳು.

ಟ್ರಂಕಿನ ತಳದಲ್ಲಿ ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಅಂಗೈಯಗಲದ ಏಳು ಫೋಟೋ. ಆರರಲ್ಲಿ ಏನೂ ಉಳಿದಿರಲಿಲ್ಲ. ಒಂದರಲ್ಲಿ ಮಾತ್ರ ಬಂಗಲೆಯ ಮುಂಭಾಗ, ಚೂಪು ಮರದ ಹಲಗೆಗಳ ಮಾಡಿನ ಕೆಳಗೆ ಉದ್ದನೆಯ ಕಿಟಕಿಗಳು, ಅಂಗಳದಲ್ಲಿ ಬೆತ್ತದ ಕುರ್ಚಿಯ ಮೇಲೆ ಗೌನು ತೊಟ್ಟ ಹೆಂಗಸು, ಕಾಲ ಬಳಿ ನಾಯಿ. ಪಕ್ಕದಲ್ಲಿ ಕಂಕುಳಿಗೆ ಮಗುವನ್ನೆತ್ತಿಕೊಂಡು ನಿಂತ, ಬಿಳಿ ಸೀರೆಯ ತೆಳ್ಳನೆ ಹುಡುಗಿ. ಹಿಂದೆ ಟ್ರೇ ಹಿಡಿದ ಇನ್ನೊಬ್ಬಳು. ಮಗುವಿನ ಮುಖದ ಮೇಲೆ ಬೂಷ್ಟು ಹಿಡಿದು ಬರೀ ಬಿಳಿ ಕಲೆ.

"ಅಜ್ಜಿ, ಇದು ನೀವಾ? ಎಷ್ಟ್ ಚೆನ್ನಾಗಿದ್ರಿ!"

"ಚೆನ್ನಾಗಿದ್ದೆ ಅಂತ್ಲೇ ನಿಮ್ ತಾತ ಬೇಗ ಸತ್ತ," ಎಂದಳು ಅಂಜಿನಮ್ಮ. "ಕೂತಿರೋದು ದೊರೆಸಾನಿ. ಎತ್ಕೊಂಡಿರೋದು ಅವಳ ಮಗ, ಡೆರಿಕ್ ಬಾಬಾ. ಹಿಂದ್ಗಡೆ ಖುರ್ಷೀದಾ, ಅಡುಗೆಯವಳು. ಇನ್ನೂ ಬದುಕವ್ಳೆ, ಟ್ಯಾನರಿ ರೋಡಲ್ಲಿ."

ಪ್ರಿಯಾ ಫೋಟೋವನ್ನು ಕಣ್ಣಿಗೆ ಹತ್ತಿರ ತಂದಳು. "ಹಂಗಾದ್ರೆ ಬಂಗ್ಲೆ..."

"ದೊರೆಗಳದ್ದು. ಇನ್ಯಾರ್ದು? ನಾವಿದ್ದದ್ದು ಹಿಂದ್ಗಡೆ ಔಟ್‌ಹೌಸ್‌ನಾಗೆ. ಯಾಕೆ, ನಿಮ್ಮಾವ ಏನಂತ ಹೇಳವ್ನೆ?"

ಹೇಳಿದ್ದವನು ಮಾವನಲ್ಲ, ಗಂಡ. ಅವತ್ತು ರಾತ್ರಿ ಮುದ್ದೆ, ಬಸ್ಸಾರಿನ ಮುಂದೆ ಕೂತಾಗ ಪ್ರಿಯಾ ಕೈ ತೊಳೆಯುವ ಮುಂಚೆಯೇ ಶುರು ಮಾಡಿದಳು.

"ಮದ್ವೆ ಮಾತಿಗೆ ಬಂದಾಗ ನಮ್ಮಪ್ಪಂಗೆ ಏನ್ ಹೇಳಿದ್ರಿ ಮಧು?"

"ನಮ್ಮಜ್ಜಿ ಬೆನ್ಸನ್ ಟೌನ್ ಬಂಗ್ಲೆನಲ್ಲಿ ಇದ್ರು ಅಂದೆ. ಇರ್ಲಿಲ್ವಾ?"

"ಬಂಗ್ಲೆ ನಾಯಿನೂ ಅಲ್ಲೇ ಇತ್ತು," ಎಂದಳು ಅಂಜಿನಮ್ಮ, ಮುದ್ದೆ ಮುರಿಯುತ್ತ. "ಅದನ್ನೂ ಸೇರ್ಸು ವಂಶಕ್ಕೆ."

"ಅತ್ತೆ, ನೀವು ಊಟ ಮಾಡಿ," ಎಂದಳು ಬಾಲಮ್ಮ.

"ಮಾಡ್ತಾನೇ ಇದೀನಿ. ಬಾಯಿ ಎರಡಕ್ಕೂ ಆಗ್ತದೆ."

ಪ್ರಿಯಾಳ ತವರು ಬಸವೇಶ್ವರನಗರ. ಅಪ್ಪ ನಿವೃತ್ತ ತಹಶೀಲ್ದಾರ್, ತಾಯಿ ಹಂಸ. ತಹಶೀಲ್ದಾರರು ಹೋದ ಊರಲ್ಲೆಲ್ಲ ಜವಾನರು ಬಾಗಿಲು ತೆಗೆದದ್ದನ್ನು ಹಂಸ ಇನ್ನೂ ಮರೆತಿರಲಿಲ್ಲ, ಬೇರೆಯವರಿಗೂ ಮರೆಯಲು ಬಿಡುತ್ತಿರಲಿಲ್ಲ. ಫಿಟ್ಟರ್ ಮನೆಗೆ ಮಗಳನ್ನು ಕೊಡಲು ಅವಳು ಒಪ್ಪಿದ್ದೇ ಆ ಬಂಗಲೆಯ ಮಾತು ಕೇಳಿ.

"ಅಮ್ಮಂಗೆ ಗೊತ್ತಾದ್ರೆ ನನ್ನ ಸುಮ್ನೆ ಬಿಡಲ್ಲ," ಎಂದಳು ಪ್ರಿಯಾ. ಅಳು ಬಂದಿತ್ತು. "ಸೀಮಂತಕ್ಕೆ ಎಲ್ರೂ ಬರ್ತಾರೆ."

"ಗೊತ್ತಾಗೋದು ಹೆಂಗೆ?" ಎಂದ ಮಧುಕರ್. "ಯಾರ್ ಹೇಳ್ತಾರೆ?"

ಎಲ್ಲರೂ ಅಂಜಿನಮ್ಮನ ಕಡೆ ನೋಡಿದರು. ಅವಳು ಸೊಪ್ಪಿನ ಪಲ್ಯ ಇನ್ನಷ್ಟು ಹಾಕಿಸಿಕೊಂಡಳು. ಆದಿನಾರಾಯಣ ಮಾತ್ರ ತಲೆಯೆತ್ತಲಿಲ್ಲ. ಅವನ ಎಡಗೈಯಲ್ಲಿ ಆ ಫೋಟೋ ಇತ್ತು.

ಫೋಟೋವನ್ನು ಅವಳು ಕೊಟ್ಟಳು, ಒಂದು ಷರತ್ತಿನ ಮೇಲೆ. "ಖುರ್ಷೀದಾಗೂ ಒಂದು ಹಾಕ್ಸಿ ಕೊಡ್ಬೇಕು. ಅವಳ ಹತ್ರ ಅವಳ ಹರೇದ ಮುಖ ಒಂದೂ ಇಲ್ಲ."

"ಅದಕ್ಕೇನಜ್ಜಿ, ಫಸ್ಟ್ ಕ್ಲಾಸಾಗಿ ಮಾಡಿಸ್ತೀನಿ," ಎಂದ ಮಧುಕರ್.

ಮೂರು ವಾರ ಕಳೆಯಿತು. ಒಂದು ಭಾನುವಾರ ಅವನು ಬೆಡ್‌ಶೀಟು ಸುತ್ತಿದ ದೊಡ್ಡ ಚೌಕಟ್ಟೊಂದನ್ನು ಆಟೋದಲ್ಲಿ ತಂದು ಹಾಲ್‌ನ ಗೋಡೆಗೆ ಒರಗಿಸಿದ. ಬಾಲಮ್ಮ ಕೈ ಒರೆಸಿಕೊಂಡು ಬಂದು "ಅಯ್ಯಯ್ಯೋ, ಎಷ್ಟ್ ಚೆನ್ನಾಗಿದೆ!" ಎಂದು ಗಲ್ಲಕ್ಕೆ ಕೈ ಹಚ್ಚಿದಳು.

ಅಂಜಿನಮ್ಮ ಕನ್ನಡಕ ಹುಡುಕಿಕೊಂಡು ಬಂದು ನೋಡಿದಳು.

ಬಂಗಲೆಗೆ ಕೆನೆ ಬಣ್ಣ ಬಂದಿತ್ತು. ಆಕಾಶ ಕ್ಯಾಲೆಂಡರಿನ ಆಕಾಶದಂತಿತ್ತು. ದೊರೆಸಾನಿ ಮಾಯವಾಗಿದ್ದಳು, ಬೆತ್ತದ ಕುರ್ಚಿ ಖಾಲಿ ಇತ್ತು. ಅಂಜಿನಮ್ಮನ ಮೈಮೇಲೆ ಹಸಿರು ರೇಷ್ಮೆ ಸೀರೆ, ಕೊರಳಲ್ಲಿ ಎರಡೆಳೆ ಸರ, ಮೂಗಿನಲ್ಲಿ ನತ್ತು. ಕಂಕುಳಿನ ಮಗು ಕಪ್ಪಗೆ ಮುದ್ದಾಗಿ, ಅಗಲ ಮೂಗಿನೊಂದಿಗೆ ನಗುತ್ತಿತ್ತು. ನಾಯಿ ಇದ್ದಲ್ಲೇ ಇತ್ತು. ಕೆಳಗೆ ಬಂಗಾರದ ಅಕ್ಷರದಲ್ಲಿ 'ನಮ್ಮ ಬೆನ್ಸನ್ ಟೌನ್ ಮನೆ, 1956' ಎಂದು ಬರೆದಿತ್ತು.

"ಇದ್ಯಾವನೋ ಈ ಕೂಸು?"

"ಅಪ್ಪ," ಎಂದ ಮಧುಕರ್. "ಅಪ್ಪ ಚಿಕ್ಕವರಾಗಿದ್ದಾಗ."

"ನಿಮ್ಮಪ್ಪ ಚಿಕ್ಕವನಾಗಿದ್ದಾಗ ಹಲಸೂರಲ್ಲಿ ನಮ್ಮತ್ತೆ ಹತ್ರ ಇದ್ದ. ಆ ಗೇಟಿನೊಳಗೆ ಕಾಲಿಟ್ಟವನೇ ಅಲ್ಲ. ಆಳಿನ ಮಕ್ಕಳನ್ನ ಬಿಡ್ತಿರ್ಲಿಲ್ಲ." ಅವಳು ಇನ್ನೂ ಹತ್ತಿರಕ್ಕೆ ಬಗ್ಗಿದಳು. "ಖುರ್ಷೀದಾ ಎಲ್ಲಿ?"

ಮಧುಕರ್ ತಲೆ ಕೆರೆದುಕೊಂಡ. "ಅಲ್ಲಿ ಹೂಕುಂಡ ಇದೆಯಲ್ಲ ಅಜ್ಜಿ..."

"ಏನು?"

"ಟ್ರೇ ಹಿಡ್ಕೊಂಡು ನಿಂತಿದ್ರಲ್ಲ, ಅದು ಸರಿ ಕಾಣ್ತಿರ್ಲಿಲ್ಲ. ಕ್ರೋಟನ್ ಕುಂಡ ಇಡಿಸ್ದೆ."

"ಹದಿನಾಲ್ಕು ಜನಕ್ಕೆ ದಿನಾ ಬೇಯಿಸಿ ಹಾಕ್ತಿದ್ಲು ಅವಳು! ಅವಳನ್ನ ಕುಂಡ ಮಾಡಿದೀಯೇನೋ ಮನೆಹಾಳ?" ಅಂಜಿನಮ್ಮನ ಧ್ವನಿ ಬೀದಿಗೆ ಕೇಳಿಸಿತು. "ಅಲ್ಲ, ಇಷ್ಟು ಒಡವೆ ಹೇರ್ಕೊಂಡ ಮನೆಯೊಡತಿ ಖಾಲಿ ಕುರ್ಚಿ ಪಕ್ಕ ಯಾಕ್ ನಿಂತವ್ಳೆ? ಕೂತ್ಕೊಳಕ್ಕೆ ಅವಳಿಗೇನು ರೋಗ? ಸುಳ್ಳು ಹೇಳಕ್ಕೂ ತಲೆ ಬೇಕು. ಅದೂ ಇಲ್ಲ ಈ ಮನೆಯಾಗೆ."

"ಅಮ್ಮ, ಸಾಕು," ಎಂದ ಆದಿನಾರಾಯಣ.

"ನಿನಗೆ ಸಾಕು. ನಿನ್ನನ್ನ ಬಿಟ್ಟಿಯಾಗಿ ಬಂಗ್ಲೆಯೊಳಗೆ ಸೇರಿಸ್ಬಿಟ್ರು. ಕೂತ್ಕೋ, ರಾಜ."

"ಈಗ ನೀವೇನು ಹೇಳೋದು ಅತ್ತೆ?" ಬಾಲಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಬಂದೋರ ಮುಂದೆಲ್ಲ ನಾವು ಆಯಾ ಮನೆಯೋರು ಅಂತ ಬೋರ್ಡ್ ಹಾಕ್ಕೋಬೇಕಾ?"

"ಆಯಾ ದುಡ್ಡಲ್ಲಿ ತಗೊಂಡ ಸೈಟಲ್ಲಿ ನಿಂತು ಕೇಳ್ತಾ ಇದೀಯ. ಕಾಲು ಸುಡಲ್ವಾ?"

ಚಿತ್ರ ಗೋಡೆಗೇರಿತು. ಅದರದೇ ಚಿಕ್ಕ ಪ್ರತಿ ಅಂಗಡಿಯ ಗಾಜಿನ ಹಿಂದೆ ಹೋಯಿತು, ಪಕ್ಕದಲ್ಲಿ 'ಮೊದಲು' ಎಂದು ಬೂಷ್ಟು ಹಿಡಿದ ಒಂದು ಮೂಲೆ, 'ನಂತರ' ಎಂದು ಇಡೀ ವೈಭವ. ಅಂಜಿನಮ್ಮ ಒಂದು ವಾರ ಮಾತಾಡಲಿಲ್ಲ. ಅವಳ ಮೌನವನ್ನು ಬಾಲಮ್ಮ ಸೋಲೆಂದು ತಿಳಿದಳು. ಮೂವತ್ತು ವರ್ಷ ಅತ್ತೆಯ ಜೊತೆ ಬಾಳಿಯೂ ಅವಳಿಗೆ ಅಷ್ಟೇ ತಿಳಿದದ್ದು.

ಮುಂದಿನ ಭಾನುವಾರ ಮಧ್ಯಾಹ್ನ "ನಾನೇ ಬಡಿಸ್ತೀನಿ, ನೀವೆಲ್ಲ ಕೂತ್ಕೊಳಿ" ಎಂದಳು ಅಂಜಿನಮ್ಮ. ಎಲ್ಲರೂ ಖುಷಿಯಾಗಿ ಬಂದು ನೋಡಿದರೆ ಊಟದ ಮೇಜಿನ ಮೇಲೆ ಬಿಳಿ ಬೆಡ್‌ಶೀಟು. ಪ್ರತಿ ತಟ್ಟೆಯ ಎಡಕ್ಕೆ ಫೋರ್ಕು, ಬಲಕ್ಕೆ ಚಮಚ. ಹತ್ತಿ ಟವೆಲುಗಳನ್ನು ತ್ರಿಕೋನವಾಗಿ ಮಡಿಸಿ ನಿಲ್ಲಿಸಿತ್ತು. ಷೋಕೇಸಿನಿಂದಿಳಿದ ಚಿನ್ನದ ಅಂಚಿನ ಕಪ್ಪುಗಳಲ್ಲಿ ಉಪ್ಸಾರು ಹೊಗೆಯಾಡುತ್ತಿತ್ತು.

"ಸೂಪ್ ರೆಡಿ ಸರ್. ಮೇಡಂ, ಪ್ಲೀಸ್ ಸಿಟ್ ಡೌನ್," ಎಂದು ಅಂಜಿನಮ್ಮ ಎಡಗೈ ಬೆನ್ನ ಹಿಂದಿಟ್ಟು ಬಗ್ಗಿದಳು. ಐವತ್ತು ವರ್ಷ ಹಿಂದಿನ ಇಂಗ್ಲಿಷು ಒಂದಿಷ್ಟೂ ತುಕ್ಕು ಹಿಡಿದಿರಲಿಲ್ಲ. "ಚೋಟಾ ಸಾಬ್, ನೋ ಎಲ್ಬೋ ಆನ್ ದ ಟೇಬಲ್."

ಮಧುಕರ್ ಮೊಣಕೈ ತೆಗೆದ. ಪ್ರಿಯಾಗೆ ನಗು ತಡೆಯಲಾಗದೆ ಟವೆಲು ಬಾಯಿಗೊತ್ತಿಕೊಂಡಳು.

"ನನ್ ಕಪ್ಪು!" ಎಂದಳು ಬಾಲಮ್ಮ.

"ಬಂಗ್ಲೆಯೋರು ಷೋಕೇಸಲ್ಲಿ ಇಡಲ್ಲ ಮೇಡಂ. ಕುಡೀತಾರೆ. ಕುಡಿದು ಒಡೀತಾರೆ. ಆಮೇಲೆ ಆಯಾ ಒಡೆದ್ಲು ಅಂತಾರೆ. ಬಂಗ್ಲೆ ಬೇಕು ಅಂದ್ರಲ್ಲ, ತಗೊಳ್ಳಿ. ಪೂರ್ತಿ ತಗೊಳ್ಳಿ."

ಆದಿನಾರಾಯಣ ಕುರ್ಚಿ ಹಿಂದಕ್ಕೆ ನೂಕಿ ಎದ್ದು, ಉಣ್ಣದೆ ಹೊರಗೆ ಹೋದ.

"ಮುನಿಸು ನೋಡು, ಐದು ವರ್ಷದ್ದು," ಎಂದಳು ಅವಳು ಅವನ ಬೆನ್ನಿಗೆ.

ಅಸಲು ಫೋಟೋ ವಾಪಸು ಬೇಕೆಂದು ಅವಳು ಕೇಳಿದಾಗಲೆಲ್ಲ ಮಧುಕರ್ "ರಹೀಂ ಹತ್ರ ಇದೆ ಅಜ್ಜಿ, ತಂದ್ಕೊಡ್ತೀನಿ" ಎನ್ನುತ್ತಿದ್ದ. ರಹೀಂ ಶಿವಾಜಿನಗರದಲ್ಲಿ ಕಂಪ್ಯೂಟರಿಟ್ಟುಕೊಂಡು ಲ್ಯಾಬುಗಳಿಗೆ ಫೋಟೋ ತಿದ್ದಿ ಕೊಡುವವನು. ಹತ್ತು ದಿನ ಕಾದು, ಜನವರಿಯ ಒಂದು ಬೆಳಗ್ಗೆ ಅಂಜಿನಮ್ಮ ಯಾರಿಗೂ ಹೇಳದೆ ಬಸ್ಸು ಹತ್ತಿದಳು.

ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಅತ್ತರಿನಂಗಡಿಯ ಮೇಲಿನ ಕೋಣೆ. ಏಣಿಯಂಥ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ ಮುದುಕಿಯನ್ನು ಕಂಡು ಮೂವತ್ತರ ರಹೀಂ ಎದ್ದು ತನ್ನ ಕುರ್ಚಿ ಕೊಟ್ಟ.

"ಬೈಠೋ ಅಮ್ಮಾ. ಯಾರು ಬೇಕಾಗಿತ್ತು?"

"ಖುರ್ಷೀದಾ ಬೇಕಾಗಿತ್ತು. ಅವಳನ್ನ ಹೂಕುಂಡ ಮಾಡ್ದೋನು ನೀನೇನಾ?"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ನಾಲಗೆ ಕಚ್ಚಿಕೊಂಡು, ಡ್ರಾಯರಿನಿಂದ ಅಸಲು ಫೋಟೋವಿದ್ದ ಕವರನ್ನು ತೆಗೆದು ಅವಳ ಕೈಗಿಟ್ಟ. "ಮಾಫ್ ಮಾಡಿ ಅಮ್ಮಾ. ಮಧು ಸಾಬ್ ಹೇಳಿದಂಗೆ ಮಾಡೋದು ನಾನು. ಖುರ್ಷೀದಾ ಖಾಲಾ ಇರೋದೇ ಒಂದು ತೆಗೆದ್ಕೊಡ್ತೀನಿ, ಬಣ್ಣ ಗಿಣ್ಣ ಏನೂ ಇಲ್ಲದೆ. ಹತ್ತು ನಿಮಿಷ ಅಷ್ಟೆ."

"ನಾಯೀನ ಮಾತ್ರ ಬಿಟ್ಟಿದೀಯ."

"ನಾಯಿ ಇದ್ರೆ ರಿಚ್ ಆಗಿ ಕಾಣ್ತದೆ ಅಂದ್ರು."

ಅಂಜಿನಮ್ಮ ಹ್ಞೂಂಕರಿಸಿದಳು. ರಹೀಂ ಕಂಪ್ಯೂಟರಿನಲ್ಲಿ ಚಿತ್ರ ತೆರೆದು ಒಂದೊಂದೇ ಬಟನ್ ಒತ್ತುತ್ತ ಹೋದ. ಸರ ಹೋಯಿತು, ನತ್ತು ಹೋಯಿತು, ಹಸಿರು ಸೀರೆ ಹೋಗಿ ಬಿಳಿ ಸೀರೆ ಬಂತು. ಕ್ರೋಟನ್ ಕುಂಡ ಹೋಗಿ ಖುರ್ಷೀದಾ ಟ್ರೇ ಹಿಡಿದು ಬಂದು ನಿಂತಳು. ಮಗು ಮಾತ್ರ ನಗುತ್ತ ಹಾಗೇ ಉಳಿಯಿತು.

"ಈ ಕರಿ ಮೂತೀನೂ ತೆಗೆ. ನಮ್ ಹುಡುಗ ಮಾಡಿಸಿರೋ ಮಂಗಾಟ ಎಲ್ಲ ತೆಗೆ."

"ಮಗು ವಿಷಯ ಮಧು ಸಾಬ್‌ದು ಅಲ್ಲಮ್ಮ." ರಹೀಂ ಕೈ ತಡೆದ. "ಆ ಮುಖ ಬೂಷ್ಟು ತಿಂದು ಏನೂ ಇರ್ಲಿಲ್ಲ. ಯಾವುದಾದ್ರೂ ಮಗು ಮುಖ ಹಾಕು, ನಮ್ಮಪ್ಪ ಅಂತ ಹೇಳ್ತೀನಿ ಅಂದಿದ್ರು ಅವರು. ಆಮೇಲೆ ಅವರ ಫಾದರ್ ಬಂದ್ರು. ನಿಮ್ಮ ಮಗ. ಮೂರ್ ಸಲ ಬಂದ್ರು, ಮಧುಗೆ ಹೇಳ್ಬೇಡ ಅಂತ."

"ಯಾಕೆ ಬಂದಿದ್ದ?"

"ಅವರದು ಚಿಕ್ಕ ವಯಸ್ಸಿನ ಫೋಟೋ ಒಂದೂ ಇಲ್ವಂತೆ. ಮಧು ಸಾಬ್ ಮಗು ಆಗಿದ್ದಾಗಿನದು ತಂದ್ರು. ಇದನ್ನ ಹಾಕು, ಮೂಗು ಸ್ವಲ್ಪ ಅಗಲ ಮಾಡು, ನಂದು ಅಗಲ ಅಂದ್ರು. ಸಾಯಂಕಾಲದ ತನ್ಕ ಪಕ್ಕದಲ್ಲೇ ಕೂತಿದ್ರು. ನಿಮ್ಮ ಕೈ ಇದೆಯಲ್ಲ, ಮಗು ಬೆನ್ನ ಮೇಲೆ? ಅಲ್ಲೂ ಬೂಷ್ಟಿತ್ತು. ತಿದ್ದೋಕೆ ಹೋದೆ. ಅದನ್ನ ಮಾತ್ರ ಮುಟ್ಬೇಡ, ಹೆಂಗಿದೆಯೋ ಹಂಗೇ ಇರ್ಲಿ ಅಂದ್ಬಿಟ್ರು."

ಅಂಜಿನಮ್ಮ ಪರದೆಯ ಮೇಲಿನ ಆ ಕೈ ನೋಡಿದಳು. ಬಳೆಯಿಲ್ಲದ ಕೈ. ಮಗುವಿಗೆ ಗೀರುತ್ತದೆಂದು ದೊರೆಸಾನಿ ಗಾಜಿನ ಬಳೆ ತೊಡಲು ಬಿಡುತ್ತಿರಲಿಲ್ಲ.

"ಅವನಿಗೆ ಬುದ್ಧಿ ಇಲ್ಲ," ಎಂದಳು. ಅವಳ ಧ್ವನಿಯಲ್ಲಿ ಎಂದಿನ ಮೊನಚಿರಲಿಲ್ಲ. ಖುರ್ಷೀದಾಳ ಪ್ರತಿಯನ್ನು ತೆಗೆದುಕೊಂಡು ಮೆಟ್ಟಿಲಿಳಿದಳು. ಟ್ಯಾನರಿ ರೋಡಿಗೆ ಹೋಗಬೇಕೆಂದು ಮನೆಯಿಂದ ಹೊರಟಿದ್ದವಳು, ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟು, ಮೂರನೆಯದನ್ನು ಹತ್ತಿ ಮನೆಗೇ ಬಂದಳು.

ಅವರೆಕಾಯಿಯ ಕಾಲ. ಸೀಮಂತದ ಹಿಂದಿನ ದಿನ ಬೆಳಗ್ಗೆ ನೆನೆಹಾಕಿದ ಕಾಳು ಬಕೆಟ್ಟಿನ ತುಂಬ ಇತ್ತು. ಬಾಲಮ್ಮ ಹೋಳಿಗೆಯ ಹೂರಣದಲ್ಲಿ, ಮಧುಕರ್ ಶಾಮಿಯಾನದವರ ಹಿಂದೆ. ಅಂಜಿನಮ್ಮ ಹಿತ್ತಲಲ್ಲಿ ಸ್ಟೂಲು ಹಾಕಿಕೊಂಡು ಕಾಳು ಹಿಸುಕಲು ಕೂತಿದ್ದಳು. ಆದಿನಾರಾಯಣ ಪಾರ್ಕಿನಿಂದ ಬಂದವನು ಬೂಟು ಬಿಚ್ಚಿ, ಯಾರೂ ಕರೆಯದಿದ್ದರೂ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಕಾಳುಗಳು ಸಿಪ್ಪೆಯಿಂದ ಹಾರಿ ಪಾತ್ರೆಗೆ ಬೀಳುತ್ತಿದ್ದವು.

"ರಹೀಂ ಅಂಗಡಿಗೆ ಹೋಗಿದ್ದೆ," ಎಂದಳು ಅಂಜಿನಮ್ಮ.

ಅವನ ಕೈ ನಿಂತಿತು.

"ನಾಚಿಕೆ ಆಗಲ್ವೇನೋ? ಐವತ್ತೆರಡು ವರ್ಷ ನಿನಗೆ. ಮೊಮ್ಮಗು ಬರೋ ಹೊತ್ನಲ್ಲಿ ಅಮ್ಮನ ಕಂಕುಳು ಹತ್ತಿದೀಯಲ್ಲ!"

"ಮುಂಚೆ ಯಾವತ್ತಾದ್ರೂ ಹತ್ತಿದ್ನಾ ಅಂತ ನೆನಪೇ ಇಲ್ಲಮ್ಮ."

"ನೆನಪಿಲ್ದೆ ಇದ್ರೆ ಎತ್ಕೊಂಡಿಲ್ಲ ಅಂತ ಅರ್ಥಾನಾ?"

ಆದಿನಾರಾಯಣ ಕಾಳು ಹಿಸುಕುತ್ತಲೇ ಮಾತಾಡಿದ, ಅವಳ ಮುಖ ನೋಡಲಿಲ್ಲ. "ಭಾನುವಾರ ಬರ್ತಿದ್ದೆ ನೀನು. ನಾಲ್ಕು ಗಂಟೆಗೆ ಬಂದು ಆರಕ್ಕೆ ಹೊರ್ಟ್ಬಿಡ್ತಿದ್ದೆ. ನಾನು ಬೆಳಗ್ಗೆಯಿಂದ ಹಲಸೂರು ಕೆರೆ ಏರಿ ಮೇಲೆ ಕಾಯ್ತಾ ಇರ್ತಿದ್ದೆ. ಆ ಎರಡು ಗಂಟೆನೂ ನೀನು ಮಲಗ್ಬಿಡ್ತಿದ್ದೆ. ಎಬ್ಬಿಸ್ಬೇಡ, ವಾರವೆಲ್ಲ ನಿದ್ದೆಗೆಟ್ಟವ್ಳೆ ಅಂತಿದ್ಲು ಅಜ್ಜಿ. ನಾನು ನಿನ್ ಪಕ್ಕ ಬಿದ್ಕೊಂಡು ಸೀರೆ ಮೂಸ್ತಾ ಇದ್ದೆ. ಪೌಡರ್ ವಾಸ್ನೆ. ಅಮ್ಮನ ವಾಸ್ನೆ ಅಂದ್ರೆ ಅದೇ ಅಂದ್ಕೊಂಡಿದ್ದೆ. ಆ ಹುಡುಗಂಗೆ ಹಚ್ಚೋ ಪೌಡರು ಅಂತ ದೊಡ್ಡವನಾದ್ಮೇಲೆ ಗೊತ್ತಾಯ್ತು."

"ನಾನೇನು ಆಟ ಆಡೋಕೆ ಹೋಗಿದ್ನಾ? ಆ ಸಂಬಳ ಇಲ್ದಿದ್ರೆ ಐ.ಟಿ.ಐ. ಎಲ್ಲಿ ಓದ್ತಿದ್ದೆ ನೀನು?"

"ಗೊತ್ತಮ್ಮ. ನಾನೇನು ಬೈದ್ನಾ?" ಅವನು ಅಂಗೈಗೆ ಅಂಟಿದ ಸಿಪ್ಪೆ ಕೊಡವಿದ. "ಬಂಗ್ಲೆ, ಸರ, ಅದೆಲ್ಲ ನಂಗೆ ಬೇಡ. ಮಧುಗೆ ಬೇಕು. ಆ ಹುಡುಗ ವರ್ಷಗಟ್ಲೆ ಕೂತಿದ್ದ. ನಾನು ಒಂದು ಫೋಟೋನಲ್ಲಿ ಕೂತ್ಕೊಂಡೆ, ಅಷ್ಟೆ."

ಅಂಜಿನಮ್ಮ ಪಾತ್ರೆಯೊಳಗೆ ಕೈಯಾಡಿಸಿ, ಅವನು ಹಿಸುಕದೆ ಹಾಕಿದ್ದ ನಾಲ್ಕು ಕಾಳು ಆರಿಸಿ ತೆಗೆದು ತಾನೇ ಹಿಸುಕಿ ಹಾಕಿದಳು.

ಸೀಮಂತದ ದಿನ ಬಸವೇಶ್ವರನಗರದಿಂದ ಎರಡು ಕಾರು ತುಂಬ ಜನ ಬಂದರು. ಪ್ರಿಯಾಳ ಎರಡೂ ಕೈಗೆ ಮೊಣಕೈವರೆಗೆ ಹಸಿರು ಬಳೆ. ಆರತಿಯಾಯಿತು, ಮಡಿಲು ತುಂಬಿದ್ದಾಯಿತು. ಹಾಲ್‌ನಲ್ಲೇ ಎರಡು ಸಾಲು ಎಲೆ ಹಾಕಿದರು. ಹಂಸ ಚಿತ್ರಕ್ಕೆ ಎದುರಾಗಿ ಕೂತಳು. ಪಕ್ಕದಲ್ಲಿ ಅವಳ ಇಬ್ಬರು ತಂಗಿಯರು. ಗೋಡೆ ಬದಿಯ ಸ್ಟೂಲಿನ ಮೇಲೆ ಅಂಜಿನಮ್ಮ. ಮೊಣಕಾಲು ನೋವಿನಿಂದ ಅವಳು ನೆಲಕ್ಕೆ ಕೂರುತ್ತಿರಲಿಲ್ಲ. ಆದಿನಾರಾಯಣ ಪಂಚೆ ಕಟ್ಟಿ ಸಾರಿನ ಬಕೆಟ್ಟು ಹಿಡಿದಿದ್ದ.

"ನೋಡ್ರೇ, ನಾನು ಹೇಳ್ತಿದ್ನಲ್ಲ, ಬಂಗ್ಲೆ," ಎಂದಳು ಹಂಸ ತಂಗಿಯರಿಗೆ. "ಏನೇ ಅನ್ನಿ, ಹಳೇ ಮನೆತನ ಅಂದ್ರೆ ಆ ಕಳೆನೇ ಬೇರೆ. ಈಗ ಯಾರ ಕೈಲಿದೆ ಅಳಿಯಂದ್ರೆ?"

"ಹೋಯ್ತು ಅತ್ತೆ. ದಾಯಾದಿ ಗಲಾಟೆನಲ್ಲಿ," ಎಂದ ಮಧುಕರ್, ಕೋಸಂಬರಿ ಬಡಿಸುತ್ತ.

"ಹತ್ತು ರೂಮಿತ್ತಂತೆ," ಎಂದಳು ಬಾಲಮ್ಮ. "ಆಳುಕಾಳುಗಳೇ ಆರು ಜನ."

"ನಮ್ಮನೇವ್ರು ಅಸಿಸ್ಟೆಂಟ್ ಕಮಿಷನರ್ ಆಗ್ಬೇಕಿತ್ತು ಅಷ್ಟೆ, ನಮಗೂ ಅಂಥದೇ ಬಂಗ್ಲೆ ಕೊಡೋರು. ಜವಾನರನ್ನ ನೋಡಿಕೊಳ್ಳೋದೇ ಕಷ್ಟ ಅಮ್ಮ," ಎಂದು ಹಂಸ ಅಂಜಿನಮ್ಮನ ಕಡೆ ತಿರುಗಿದಳು. "ಈ ಆಳುಗಳು ಇದಾವಲ್ಲ, ಕಣ್ಣು ತಪ್ಪಿಸಿದ್ರೆ ಕದೀತಾವೆ. ನಿಮ್ಮನೇಲಿ ಹೆಂಗೆ ಸಂಭಾಳಿಸ್ತಿದ್ರಿ?"

ಅಂಜಿನಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು.

"ನಾನೇ ಕದೀತಿದ್ದೆ," ಎಂದಳು.

ಹಂಸ ಬಾಯಿಗೆತ್ತಿದ್ದ ತುತ್ತನ್ನು ಎಲೆಗೆ ಇಳಿಸಿದಳು.

"ಸಕ್ಕರೆ, ಬೆಣ್ಣೆ. ಭಾನುವಾರ ಮಗನಿಗೆ ತಗೊಂಡ್ ಹೋಗೋಕೆ. ನಾನು ಆ ಮನೆಯ ಆಯಾ ಕಣಮ್ಮ. ಒಂಬತ್ತು ವರ್ಷ. ಮನೆ ನಮ್ದಲ್ಲ. ದಾಯಾದಿನೂ ಇಲ್ಲ, ಗಲಾಟೆನೂ ಇಲ್ಲ. ಮೈಮೇಲಿನ ಸೀರೆ ನಂದಲ್ಲ, ಸರ ನಂದಲ್ಲ. ಆ ಕುಂಡ ಇದೆಯಲ್ಲ, ಅದು ಕುಂಡ ಅಲ್ಲ, ಖುರ್ಷೀದಾ ಅಂತ ಅಡುಗೆಯವಳು. ನಮ್ ಹುಡುಗನಿಗೆ ನಾಚಿಕೆ ಆಯ್ತು, ಎಲ್ಲ ಅಳಿಸಿ ಬರೆಸ್ದ. ನಿಮಗೂ ಅದೇ ಬೇಕಾಗಿತ್ತು, ಅದಕ್ಕೇ ನಂಬಿದ್ರಿ. ಎಲ್ರೂ ಅವರವರ ಯೋಗ್ಯತೆಗೆ ತಕ್ಕ ಫೋಟೋ ನೋಡ್ಕೊಂಡ್ರಿ."

ಬಾಲಮ್ಮ ಹೋಳಿಗೆಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ಮಧುಕರನ ಮುಖ ಕಪ್ಪಿಟ್ಟಿತ್ತು. ಹಂಸ ಮಗಳ ಕಡೆ ನೋಡಿದಳು, ಮಗಳು ಬಳೆ ನೋಡಿಕೊಂಡಳು. ತಂಗಿಯರಲ್ಲೊಬ್ಬಳ ಬಾಯಂಚಿನಲ್ಲಿ ನಗು ಹಾದುಹೋಯಿತು. ಅದು ಹಂಸಳಿಗೆ ಕಂಡಿತು, ಅವಳಿಗೆ ಉರಿದದ್ದೇ ಅದರಿಂದ.

"ಎಲ್ಲಾ ಸುಳ್ಳು ಅನ್ನಿ ಹಾಗಾದ್ರೆ!" ಎಂದಳು. "ಮತ್ತೆ ಆ ಮಗು? ಅದೂ ಯಾರೋ ದೊರೆಗಳದ್ದೇನಾ?"

ಆದಿನಾರಾಯಣ ಹಂಸಳ ಎಲೆಯ ಮುಂದೆ ಸೌಟು ಹಿಡಿದು ಬಗ್ಗಿದ್ದ. ಅವನು ಅಮ್ಮನ ಕಡೆ ನೋಡಲಿಲ್ಲ. ಅವನ ಕಿವಿ ಮಾತ್ರ ಕೆಂಪಗಾಗಿತ್ತು.

"ಮಗು ನಂದು," ಎಂದಳು ಅಂಜಿನಮ್ಮ. "ನಮ್ ಆದಿ. ನಾಲ್ಕು ವರ್ಷ ಆಗ. ಕಂಕುಳಿಂದ ಇಳೀತಾನೇ ಇರ್ಲಿಲ್ಲ. ನಡ ಬಿದ್ದುಹೋಗ್ತಿತ್ತು ನಂಗೆ."

ಸೌಟಿನ ಸಾರು ಎಲೆಯ ಅಂಚು ದಾಟಿ ಹಂಸಳ ರೇಷ್ಮೆ ಸೀರೆಯ ಕಡೆ ಹರಿಯಿತು. "ಸಾಕು, ಸಾಕು! ಸಾಕ್ರೀ!" ಎಂದು ಅವಳು ಹಿಂದಕ್ಕೆ ಸರಿದಳು.

"ಎಲೆ ನೋಡ್ಕೊಂಡು ಬಡ್ಸೋ, ಪೆದ್ದ," ಎಂದಳು ಅಂಜಿನಮ್ಮ.

ಬೀಗರು ಊಟ ಮುಗಿಸಿದರು, ಹಿತಕಿದ ಬೇಳೆ ಸಾರನ್ನು ಬಿಟ್ಟೇಳುವಷ್ಟು ಸಿಟ್ಟು ಯಾರಿಗೂ ಇರಲಿಲ್ಲ. ಆದರೆ ಎಲೆಯಡಿಕೆಗೆ ನಿಲ್ಲಲಿಲ್ಲ. ಹಂಸ ಅಂದೇ ಮಗಳನ್ನು ಹೆರಿಗೆಗೆ ಕರೆದೊಯ್ಯುತ್ತೇನೆಂದು ಸೂಟ್‌ಕೇಸ್ ತೆಗೆಸಿದಳು. ಪ್ರಿಯಾ "ಇನ್ನೊಂದು ವಾರ ಇದ್ದು ಬರ್ತೀನಿ, ನೀನು ಹೋಗಮ್ಮ" ಎಂದು ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿದಳು. ಅವಳು ಆ ಮನೆಯಲ್ಲಿ ತಾಯಿಯ ಮಾತು ಮೀರಿದ್ದು ಅದೇ ಮೊದಲು. ಹಂಸ ಹೋಗುವಾಗ ಎಲ್ಲರಿಗೂ ಹೋಗಿಬರುತ್ತೇನೆಂದು ಹೇಳಿದಳು, ಅಂಜಿನಮ್ಮನಿಗೆ ಮಾತ್ರ ಹೇಳಲಿಲ್ಲ. ಅಂಜಿನಮ್ಮ ಆಗ ಹಿತ್ತಲಲ್ಲಿದ್ದಳು, ಕರೆದಿದ್ದರೂ ಬರುತ್ತಿರಲಿಲ್ಲ.

ಕಾರುಗಳು ಬೀದಿ ದಾಟಿದ್ದೇ ತಡ, ಬಾಲಮ್ಮನ ಗಂಟಲು ತೆರೆಯಿತು. "ಮರ್ಯಾದೆ ಎಲ್ಲ ತೆಗೆದ್ಬಿಟ್ರಿ ಅತ್ತೆ. ನಾಳೆ ಆ ಮಗೂಗೆ ಅವರು ಒಂದು ತೊಟ್ಟಿಲಾದ್ರೂ ತರ್ತಾರಾ?"

"ಅವರಿಗೆ ಆ ಬಂಗ್ಲೆ ನಾಯಿ ತೋರ್ಸು, ತರ್ತಾರೆ."

"ಅಂಗಡೀಲಿ ನಾನು ಯಾವ್ ಮುಖ ಇಟ್ಕೊಂಡು ಕೂತ್ಕೊಳ್ಳಿ ಅಜ್ಜಿ?" ಎಂದ ಮಧುಕರ್.

"ಮುಖ ಬದ್ಲಾಯಿಸೋದು ನಿನ್ ಕಸುಬಲ್ವೇನೋ?"

ಮಧುಕರ್ ಗೋಡೆಯ ಚಿತ್ರ ಇಳಿಸಲು ಸ್ಟೂಲು ಎಳೆದ. ಪ್ರಿಯಾ ತಡೆದಳು. ಬಂಗಾರದ ಅಕ್ಷರ ಮಾತ್ರ ಕತ್ತರಿಸಿ ತೆಗೆದರೆ ಸಾಕೆಂದಳು, ಇಬ್ಬರಿಗೂ ಜಗಳವಾಗಿ, ಕೊನೆಗೆ ಹಾಗೇ ಆಯಿತು.

ಬಾಲಮ್ಮ ಮಾತ್ರ ಬಿಡಲಿಲ್ಲ. ಅತ್ತೆಯ ಹಿಂದೆಯೇ ಅಡುಗೆಮನೆಗೆ ಬಂದಳು. "ಅಷ್ಟೊಂದು ಸತ್ಯ ಹೇಳೋರು, ಮಗು ವಿಷಯದಲ್ಲಿ ಯಾಕೆ ಸುಳ್ಳು ಹೇಳಿದ್ರಿ?"

"ಯಾವ ಸುಳ್ಳು?" ಎಂದಳು ಅಂಜಿನಮ್ಮ. "ಆದಿ ನನ್ ಮಗ ಅಲ್ವೇನೆ?"

ಬಾಲಮ್ಮ ಉಳಿದ ಹೋಳಿಗೆಗಳನ್ನು ಡಬ್ಬಿಗೆ ತುಂಬತೊಡಗಿದಳು.

ಹಿತ್ತಲಲ್ಲಿ ಪಾತ್ರೆಗಳ ಸದ್ದು. ಪಾತ್ರೆ ತೊಳೆಯುವವಳು ಅವತ್ತು ಬಂದಿರಲಿಲ್ಲ. ಅಂಜಿನಮ್ಮ ಬಾಗಿಲಿಗೆ ಬಂದು ನೋಡಿದಳು. ಆದಿನಾರಾಯಣ ಪಂಚೆ ಮೇಲೆ ಕಟ್ಟಿ, ಸಾರಿನ ದೊಡ್ಡ ಕೊಳದಪ್ಪಲೆಯೊಳಗೆ ಮೊಣಕೈವರೆಗೆ ಕೈ ಇಳಿಬಿಟ್ಟು ಉಜ್ಜುತ್ತಿದ್ದ. ಮದುವೆಯಾದ ಮೇಲೆ ಅವನು ಪಾತ್ರೆ ಮುಟ್ಟಿದ್ದನ್ನು ಅವಳು ಕಂಡಿರಲಿಲ್ಲ. ಅವನು ಅವಳನ್ನು ನೋಡಿದ, ಏನೋ ಹೇಳಲು ಬಾಯಿ ತೆರೆದ.

ಅವಳು ಬಗ್ಗಿ ಕೊಳದಪ್ಪಲೆಯ ಅಂಚಿಗೆ ಬೆರಳಾಡಿಸಿದಳು.

"ಜಿಡ್ಡು ಹಂಗೇ ಐತೆ," ಎಂದಳು. "ಇನ್ನೊಂದ್ಸಲ ಉಜ್ಜು."